ತಾತ ಬಂದರು, ಬೆಲೆ ತೆತ್ತವರು ಬೇರೆ: 28 ವರ್ಷ ಕಾದ ಒಬ್ಬ ಅಭಿಮಾನಿಯ ಪ್ರಕರಣ

ಮಂಗಳೂರಿನ ಬೈಕಂಪಾಡಿ ಕಡೆಯ ಬಸ್ ಗ್ಯಾರೇಜೊಂದರಲ್ಲಿ ಬ್ರೇಕ್ ಕೆಲಸ ನೋಡಿಕೊಳ್ಳುವ 46ರ ಮೆಕ್ಯಾನಿಕ್ ಒಬ್ಬರು ಈ ಪ್ರಕರಣದ ಅಭಿಮಾನಿ. ಹೆಸರು ಬೇಡ. 1996ರ ಮೇ 9ರಂದು ತೆರೆಕಂಡ ಶಂಕರ್ ನಿರ್ದೇಶನದ ತಮಿಳು ಚಿತ್ರ ‘ಇಂಡಿಯನ್’ ಎಂದರೆ ಅವರಿಗೆ ಪ್ರಾಣ. ಲಂಚಕೋರರನ್ನು ಕೊಲ್ಲುವ ಮುದುಕ ಸೇನಾಪತಿ, ಅಭಿಮಾನಿಗಳ ಬಾಯಲ್ಲಿ ‘ತಾತ’, ಅದರ ನಾಯಕ; ಆ ಪಾತ್ರ ಕಮಲ್ ಹಾಸನ್ ಅವರದು. 2024ರ ಜುಲೈ 12, ಶುಕ್ರವಾರ, ‘ಇಂಡಿಯನ್ 2’ ಬಂತು. ನಡುವೆ 28 ವರ್ಷ.

ಎರಡನೆಯ ಭಾಗ ಚೆನ್ನಾಗಿಲ್ಲ ಎಂಬ ದೂರು ಅಪರೂಪದ್ದಲ್ಲ. ಆ ವಾರ ಬಹಳ ಜನ ಬೈದರು, ಟ್ರೋಲ್ ಮಾಡಿದರು, ಹಗುರಾದರು. ಇವರು ಬೈಯಲಿಲ್ಲ. ಆದರೆ ಅಂದಿನಿಂದ ಹಳೆಯ ‘ಇಂಡಿಯನ್’ ಟಿವಿಯಲ್ಲಿ ಬಂದರೂ ಚಾನೆಲ್ ಬದಲಿಸತೊಡಗಿದರು. ಮನೆಯವರಿಗೆ ವಿಚಿತ್ರ ಅನಿಸಿದ್ದು ಅದೇ. ಹೊಸ ಸಿನಿಮಾ ಇಷ್ಟವಾಗದಿದ್ದರೆ ಹೊಸದನ್ನು ಬಿಟ್ಟರಾಯಿತು, ಹಳೆಯದು ಏನು ತಪ್ಪು ಮಾಡಿದೆ? ಈ ಪ್ರಕರಣವನ್ನು ಬರೆಯುವುದಕ್ಕೆ ಕಾರಣವೂ ಆ ಪ್ರಶ್ನೆಯೇ. ನಿರಾಸೆ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ದೂರುಗಳು ಕೂಡಿಕೊಂಡಿರುತ್ತವೆ. ಅವನ್ನು ಬಿಡಿಸದೆ ಇದ್ದರೆ ಮದ್ದು ಹಚ್ಚುವುದು ಎಲ್ಲಿಗೆ ಎಂದು ಗೊತ್ತಾಗುವುದಿಲ್ಲ.

ಮೊದಲನೆಯದರಲ್ಲಿ ಅವರು ಕಂಡದ್ದು

ಇವರು ‘ಇಂಡಿಯನ್’ ನೋಡಿದ್ದು ಬಾಡಿಗೆಗೆ ತಂದ ವಿಡಿಯೊ ಕ್ಯಾಸೆಟ್ಟಿನಲ್ಲಿ. ಆಗಷ್ಟೇ ಗ್ಯಾರೇಜಿಗೆ ಸಹಾಯಕನಾಗಿ ಸೇರಿದ್ದ ಕಾಲ. ತಮಿಳು ಅರ್ಧಂಬರ್ಧ ಅರ್ಥವಾಗುತ್ತಿತ್ತು, ‘ಹಿಂದೂಸ್ತಾನಿ’ ಎಂಬ ಹಿಂದಿ ಅವತರಣಿಕೆ ನೋಡಿದ ಮೇಲೆ ಪೂರ್ತಿಯಾಯಿತು. ಸೇನಾಪತಿಯ ಮರ್ಮವಿದ್ಯೆ, ಅಂದರೆ ದೇಹದ ಮರ್ಮಸ್ಥಾನಗಳಿಗೆ ಎರಡು ಬೆರಳುಗಳನ್ನು ಹೆಣೆದು ಹೊಡೆಯುವ ಏಟು, ಬೆಲ್ಟಿನಲ್ಲಿ ಅಡಗಿಸಿಟ್ಟ ಕತ್ತಿ, ಹಾಲಿವುಡ್ಡಿನಿಂದ ಬಂದ ಮೈಕೆಲ್ ವೆಸ್ಟ್‌ಮೋರ್ ಮಾಡಿದ ಮುದುಕನ ಮೇಕಪ್, ಎ.ಆರ್. ರೆಹಮಾನ್ ಹಾಡುಗಳು: ಎಲ್ಲರಿಗೂ ನೆನಪಿರುವುದು ಇವು. ಕಮಲ್ ಹಾಸನ್‌ಗೆ ಆ ವರ್ಷದ ರಾಷ್ಟ್ರಪ್ರಶಸ್ತಿ ಬಂದದ್ದೂ ತಂದೆ ಸೇನಾಪತಿ, ಮಗ ಚಂದ್ರು ಎಂಬ ಈ ಎರಡು ಪಾತ್ರಗಳಿಗೆ.

ಇವರನ್ನು ಹಿಡಿದದ್ದು ಬೇರೆ ಜಾಗ. ಕತೆಯಲ್ಲಿ ಸೇನಾಪತಿಯ ಮಗ ಚಂದ್ರು ಸಾರಿಗೆ ಕಚೇರಿಯ ಸುತ್ತ ದಲ್ಲಾಳಿ ಕೆಲಸ ಮಾಡಿ, ಲಂಚ ಕೊಟ್ಟೇ ಬ್ರೇಕ್ ಇನ್‌ಸ್ಪೆಕ್ಟರ್ ಆಗುತ್ತಾನೆ. ಕೈಬಿಸಿ ಮಾಡಿಸಿಕೊಂಡು ಬ್ರೇಕ್ ಸರಿಯಿಲ್ಲದ ಬಸ್ಸಿಗೆ ಸರ್ಟಿಫಿಕೇಟ್ ಬರೆದುಕೊಡುತ್ತಾನೆ. ಆ ಬಸ್ಸಿನಲ್ಲಿದ್ದ ಶಾಲೆಯ ಮಕ್ಕಳು ಸಾಯುತ್ತಾರೆ. ಲಂಚಕೋರರನ್ನು ಕೊಲ್ಲುತ್ತಾ ಬಂದ ತಂದೆಯ ಎದುರು ಈಗ ನಿಂತಿರುವುದು ಸ್ವಂತ ಮಗ.

ಬೇರೆಯವರಿಗೆ ಇದು ಕತೆಯ ತಿರುವು. ಬ್ರೇಕ್ ಕೆಲಸದವರಿಗೆ ಇದು ಲೆಕ್ಕ. ಏರ್ ಬ್ರೇಕ್ ಇರುವ ಬಸ್ಸಿನಲ್ಲಿ ಪೆಡಲ್ ಒತ್ತಿದಾಗ ಟ್ಯಾಂಕಿನ ಗಾಳಿ ಬ್ರೇಕ್ ಚೇಂಬರಿಗೆ ನುಗ್ಗಿ ರಾಡನ್ನು ತಳ್ಳುತ್ತದೆ. ರಾಡು ಸ್ಲ್ಯಾಕ್ ಅಡ್ಜಸ್ಟರ್ ಎಂಬ ತೋಳನ್ನು ತಿರುಗಿಸುತ್ತದೆ, ಅದರೊಂದಿಗೆ ‘ಎಸ್’ ಆಕಾರದ ಕ್ಯಾಮ್ ತಿರುಗಿ ಎರಡು ಬ್ರೇಕ್ ಶೂಗಳನ್ನು ಚಕ್ರದ ಡ್ರಮ್ಮಿಗೆ ಒತ್ತುತ್ತದೆ. ಶೂಗಳ ಮೇಲಿನ ಉಜ್ಜುವ ಪದರ, ಲೈನಿಂಗ್, ಸವೆದಷ್ಟೂ ರಾಡು ಹೆಚ್ಚು ದೂರ ಓಡಬೇಕು. ಅಡ್ಜಸ್ಟ್ ಮಾಡದೆ ಬಿಟ್ಟರೆ ರಾಡಿನ ಓಟವೇ ಮುಗಿದು, ಶೂ ಡ್ರಮ್ಮನ್ನು ಗಟ್ಟಿ ಹಿಡಿಯುವುದಿಲ್ಲ. ಹಬ್ಬಿನ ಸೀಲ್ ಸೋರಿ ಲೈನಿಂಗಿಗೆ ಗ್ರೀಸ್ ಹತ್ತಿದರೆ ಹಿಡಿತ ಜಾರುತ್ತದೆ. ಲೈನಿಂಗ್ ಪೂರಾ ಸವೆದರೆ ರಿವಿಟ್ಟಿನ ತಲೆ ಡ್ರಮ್ಮನ್ನು ಗೀರುತ್ತದೆ. ಮೋಸ ಇರುವುದು ಇಲ್ಲಿ: ಇಂಥ ಬಸ್ಸೂ ಅಂಗಳದಲ್ಲಿ ನಿಧಾನಕ್ಕೆ ಓಡಿಸಿ ಒತ್ತಿದರೆ ನಿಲ್ಲುತ್ತದೆ. ತುಂಬಿದ ಸೀಟುಗಳೊಂದಿಗೆ ಚಾರ್ಮಾಡಿ ಘಾಟಿ ಇಳಿಯುವಾಗ, ಪದೇಪದೇ ಬ್ರೇಕ್ ಹಿಡಿದು ಡ್ರಮ್ ಕಾದು ಹಿಗ್ಗಿ, ಶೂಗೂ ಡ್ರಮ್ಮಿಗೂ ನಡುವಿನ ಅಂತರ ಇನ್ನಷ್ಟು ಹೆಚ್ಚಿದಾಗ ನಿಲ್ಲುವುದಿಲ್ಲ. ಆದ್ದರಿಂದ ಬಸ್ಸು ಓಡಿಸಲು ಯೋಗ್ಯ ಎನ್ನುವ ಎಫ್‌ಸಿ ಕಾಗದದ ಮೇಲಿನ ಸಹಿ ಎಂದರೆ, ಬ್ರೇಕನ್ನು ಸರಿಯಾಗಿ ಪರೀಕ್ಷಿಸಿದ್ದೇನೆ ಎಂದು ಒಬ್ಬ ಮನುಷ್ಯ ಕೊಡುವ ಮಾತು. ಚಂದ್ರು ಮಾರಿದ್ದು ಆ ಮಾತನ್ನು.

ಹಾಗಾಗಿ ಇವರ ಪಾಲಿಗೆ ‘ಇಂಡಿಯನ್’ ಲಂಚದ ವಿರುದ್ಧದ ಸಿನಿಮಾ ಎನ್ನುವುದಕ್ಕಿಂತ, ಹೇಳಿದ ಮಾತಿಗೆ ಬೆಲೆ ತೆತ್ತವನ ಸಿನಿಮಾ. ಮಗಳು ಕಸ್ತೂರಿ ಸುಟ್ಟಗಾಯದಿಂದ ಆಸ್ಪತ್ರೆಯಲ್ಲಿ ಬಿದ್ದಾಗ ಲಂಚ ಕೊಡುವುದಿಲ್ಲ ಎಂದು ಹಟ ಹಿಡಿದ ಸೇನಾಪತಿ ಅವಳನ್ನು ಕಳೆದುಕೊಂಡ. ಅದೇ ಕಾರಣಕ್ಕೆ ಮಗ ಮನೆ ಬಿಟ್ಟು ಹೋದ. ಕೊನೆಗೆ ಹೆಂಡತಿಯ ಅಳುವನ್ನೂ ಲೆಕ್ಕಿಸದೆ ಆ ಮಗನನ್ನೂ ಕೊಂದ. ಇದನ್ನು ಒಪ್ಪಬೇಕೋ ಬೇಡವೋ ಎನ್ನುವುದು ಬೇರೆ ಮಾತು. ಕಾನೂನು ಕೈಗೆತ್ತಿಕೊಳ್ಳುವ ಇಂಥ ನಾಯಕರ ಬಗ್ಗೆ ಅನುಮಾನ ಇರುವುದೂ ಒಳ್ಳೆಯದೇ. ಆದರೆ ಉಪದೇಶ ಮಾಡುವವನು ತನ್ನ ಮನೆಯಿಂದಲೇ ಕೊಟ್ಟ ಎಂಬುದರಲ್ಲಿ ಅನುಮಾನಕ್ಕೆ ಜಾಗವಿರಲಿಲ್ಲ.

ಕಾಯುವಿಕೆ ಬೆಳೆದ ಬಗೆ

28 ವರ್ಷವೂ ಯಾರೂ ಕಾಯುವುದಿಲ್ಲ. ಮೊದಲ ಚಿತ್ರದ ಕೊನೆಯಲ್ಲಿ, ಸತ್ತನೆಂದುಕೊಂಡ ಸೇನಾಪತಿ ವಿದೇಶದಿಂದ ಸಿಬಿಐ ಅಧಿಕಾರಿ ಕೃಷ್ಣಸ್ವಾಮಿಗೆ ಫೋನ್ ಮಾಡುತ್ತಾನೆ. ಬಾಗಿಲು ತೆರೆದೇ ಇತ್ತು, ಅಷ್ಟೆ. ನಿಜವಾದ ಕಾಯುವಿಕೆ ಶುರುವಾದದ್ದು 2017ರ ಸೆಪ್ಟೆಂಬರ್‌ನಲ್ಲಿ ಕಮಲ್ ಮತ್ತು ಶಂಕರ್ ಎರಡನೆಯ ಭಾಗವನ್ನು ಘೋಷಿಸಿದ ಮೇಲೆ. 2019ರ ಜನವರಿಯಲ್ಲಿ ಚಿತ್ರೀಕರಣ ಆರಂಭ. 2020ರ ಫೆಬ್ರವರಿ 19ರಂದು ಚೆನ್ನೈ ಬಳಿಯ ಸೆಟ್ಟಿನಲ್ಲಿ ಕ್ರೇನ್ ಉರುಳಿ ಮೂವರು ಸತ್ತರು. ಬೆನ್ನಿಗೆ ಕೊರೊನಾ. 2021ರಲ್ಲಿ ನಿರ್ಮಾಣ ಸಂಸ್ಥೆಗೂ ನಿರ್ದೇಶಕರಿಗೂ ಮದ್ರಾಸ್ ಹೈಕೋರ್ಟಿನಲ್ಲಿ ವ್ಯಾಜ್ಯ. ಅದೇ ವರ್ಷ ಏಪ್ರಿಲ್‌ನಲ್ಲಿ ಈ ಚಿತ್ರದಲ್ಲಿದ್ದ ನಟ ವಿವೇಕ್, ಅಕ್ಟೋಬರ್‌ನಲ್ಲಿ ಕೃಷ್ಣಸ್ವಾಮಿ ಪಾತ್ರದ ನೆಡುಮುಡಿ ವೇಣು ತೀರಿಕೊಂಡರು. 2022ರ ಜೂನ್‌ನಲ್ಲಿ ‘ವಿಕ್ರಮ್’ ಗೆದ್ದು ಕಮಲ್‌ಗೆ ಮತ್ತೆ ಮಾರುಕಟ್ಟೆ ಕುದುರಿದ ಮೇಲೆ, ಆಗಸ್ಟಿನಲ್ಲಿ ಕೆಲಸ ಪುನಃ ಹೊರಟಿತು. ತೆಗೆದ ದೃಶ್ಯಗಳು ಒಂದು ಸಿನಿಮಾಕ್ಕೆ ಹಿಡಿಸದಷ್ಟಾದವು, ಎರಡಾಗಿ ಒಡೆದರು: ‘ಇಂಡಿಯನ್ 2’ ಮತ್ತು ‘ಇಂಡಿಯನ್ 3’.

ಈ ಪಟ್ಟಿಯ ಕೊನೆಯ ಸಾಲೇ ಪ್ರಕರಣದ ಮುಖ್ಯ ಸುಳಿವು. ಅಭಿಮಾನಿಗಳು ಅದನ್ನು ಆಗ ಸಂತೋಷದ ಸುದ್ದಿಯೆಂದೇ ಓದಿದರು, ಒಂದರ ಬದಲು ಎರಡು ಸಿಕ್ಕಿತು ಎಂದು.

ಆಮೇಲಿನ ಸಿದ್ಧತೆ. 2024ರ ಜೂನ್ 7ರಂದು ಹಳೆಯ ‘ಇಂಡಿಯನ್’ ಮರುಬಿಡುಗಡೆಯಾಯಿತು. ಹೊಸದು ಬರುವ ಹಿಂದಿನ ವಾರ ಇವರು ಹಾಡುಗಳನ್ನು ಓಡಿಸದೆ ಅದನ್ನು ಇನ್ನೊಮ್ಮೆ ಪೂರ್ತಿ ನೋಡಿದರು. ಟ್ರೈಲರನ್ನೂ ನೋಡಿದರು. ಬಿಡುಗಡೆಗೆ ಮುನ್ನ ಕಮಲ್ ತಮಗೆ ಮೂರನೆಯ ಭಾಗದ ಮೇಲೆಯೇ ಹೆಚ್ಚು ಪ್ರೀತಿ ಎಂಬರ್ಥದ ಮಾತಾಡಿದ್ದೂ ಕಿವಿಗೆ ಬಿತ್ತು. ಗ್ಯಾರೇಜಿನಲ್ಲಿ ಅದರ ಬಗ್ಗೆ ತಮಾಷೆಯಾಯಿತು. ಜೊತೆಗೆ ಹೊರಟವನು ಇಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗ. ಅವನಿಗೆ ಹಳೆಯ ಚಿತ್ರ ಮೀಮ್‌ಗಳಲ್ಲಿ ಕಂಡಷ್ಟೇ ಗೊತ್ತು. ಹೊರಡುವ ಮುನ್ನ ಇವರು ಅವನಿಗೆ ಹೇಳಿದ್ದು: “ಹಾಡು ಸುಮಾರಾದ್ರೂ ಆಗ್ತದೆ, ಫೈಟ್ ಸುಮಾರಾದ್ರೂ ಆಗ್ತದೆ ಮಾರಾಯ. ತಾತ ಸರಿ ಇದ್ರೆ ಸಾಕು.”

ಚಿತ್ರಮಂದಿರದಲ್ಲಿ

ಮೂರು ಗಂಟೆಯ ಚಿತ್ರ. ಹೊರಗೆ ಆಷಾಢದ ಮಳೆ, ಒಳಗೆ ಸಬ್‌ಟೈಟಲ್ ಇರುವ ತಮಿಳು ಅವತರಣಿಕೆ. ಅರವಿಂದನ್ (ಸಿದ್ಧಾರ್ಥ್) ಎಂಬ ಯೂಟ್ಯೂಬ್ ಹುಡುಗ ಮತ್ತು ಅವನ ಗೆಳೆಯರು ಭ್ರಷ್ಟಾಚಾರ ಕಂಡು ಬೇಸತ್ತು ಸೇನಾಪತಿ ಮರಳಿ ಬರಲಿ ಎಂದು ಹ್ಯಾಶ್‌ಟ್ಯಾಗ್ ಹಾಕುತ್ತಾರೆ. ಸೇನಾಪತಿ ಇರುವುದು ತೈವಾನಿನಲ್ಲಿ. ಬರುತ್ತಾನೆ. ದೊಡ್ಡ ದೊಡ್ಡ ಭ್ರಷ್ಟರನ್ನು ಮರ್ಮದ ಒಂದೊಂದು ಏಟಿಗೆ ಒಂದೊಂದು ವಿಚಿತ್ರ ಬಗೆಯಲ್ಲಿ ಕೊಲ್ಲುತ್ತಾನೆ. ಯುವಕರಿಗೆ ಜಾಲತಾಣದ ನೇರಪ್ರಸಾರದಲ್ಲಿ ಕರೆ ಕೊಡುತ್ತಾನೆ: ಮೊದಲು ನಿಮ್ಮ ಮನೆಯ ಕೊಳೆ ತೆಗೆಯಿರಿ.

ಅಭಿಮಾನಿಯ ಮುಖ ಬಾಡಿದ್ದು ಎಲ್ಲಿ ಎಂದು ಪಕ್ಕದಲ್ಲಿದ್ದ ಅಳಿಯನಿಗೆ ಸ್ಪಷ್ಟವಾಗಿ ನೆನಪಿದೆ. ಮೊದಲ ಕೊಲೆಯಲ್ಲಲ್ಲ, ಹಾಡಿನಲ್ಲೂ ಅಲ್ಲ. ಒಂದೇ ಚಕ್ರದೊಳಗೆ ಕುಳಿತು ಓಡಿಸುವ ಬೈಕಿನ ಮೇಲೆ ಸೇನಾಪತಿ ಊರೆಲ್ಲ ಓಡುವ ದೀರ್ಘ ಬೆನ್ನಟ್ಟುವಿಕೆಯ ಹೊತ್ತಿಗೆ ಇವರು ಪರದೆ ಬಿಟ್ಟು ವಾಚ್ ನೋಡಿದ್ದರು. ಅದು ಮುಗಿಯಿತು ಎನ್ನುವಾಗ ಮೂರನೆಯ ಭಾಗದ ತುಣುಕು ಬಂತು: ಸ್ವಾತಂತ್ರ್ಯಪೂರ್ವದ ಕಾಲ, ಕಾಜಲ್ ಅಗರ್ವಾಲ್, ಯುದ್ಧ. ಚಿತ್ರಮಂದಿರದಲ್ಲಿ ಕೆಲವರು ಅದಕ್ಕೇ ಶಿಳ್ಳೆ ಹೊಡೆದರು.

“ಮಾವ, ಎಂತ ಆಯ್ತು? ಅಷ್ಟೇನೂ ಹಾಳಿಲ್ಲಲ್ಲ?”

“ಎಂತ ಇಲ್ಲ. ಬಾ, ಮಳೆ ಬಿಡುವ ಮೊದ್ಲು ಹೋಗುವ.”

ಮಳೆ ಬಿಡುವ ಮೊದಲು ಯಾರೂ ಹೊರಡುವುದಿಲ್ಲ. ಮಾವನಿಗೆ ಏನೋ ಆಗಿದೆ ಎಂದು ಹುಡುಗನಿಗೆ ಗೊತ್ತಾದದ್ದು ಆಗ.

ಸುಲಭದ ನಾಲ್ಕು ಕಾರಣಗಳು, ಅವು ಯಾಕೆ ಸಾಲುವುದಿಲ್ಲ

ಇಂಥ ನಿರಾಸೆಗೆ ಎಲ್ಲರೂ ಮೊದಲು ಕೊಡುವ ವಿವರಣೆ: ನಿರೀಕ್ಷೆ ಅತಿಯಾಯಿತು. ಈ ಪ್ರಕರಣದಲ್ಲಿ ಅದು ನಿಲ್ಲುವುದಿಲ್ಲ. ತಡ, ಅಪಘಾತ, ವ್ಯಾಜ್ಯ ಎಲ್ಲ ಓದಿಕೊಂಡಿದ್ದ ಇವರು ಹಾಡು, ಹೊಡೆದಾಟಗಳನ್ನು ಮೊದಲೇ ಬಿಟ್ಟುಕೊಟ್ಟಿದ್ದರು. ಇದ್ದ ನಿರೀಕ್ಷೆ ದೊಡ್ಡದಲ್ಲ, ಬಹಳ ಕಿರಿದು. ಕಿರಿದಾದ ನಿರೀಕ್ಷೆಗೆ ಒಂದು ಅಪಾಯವಿದೆ: ಅದು ತಪ್ಪಿದರೆ ಸಮಾಧಾನ ಮಾಡಿಕೊಳ್ಳಲು ಪಕ್ಕದಲ್ಲಿ ಬೇರೇನೂ ಉಳಿದಿರುವುದಿಲ್ಲ.

ಎರಡನೆಯದು ವಯಸ್ಸು. ಸೇನಾಪತಿ ನೇತಾಜಿಯ ಸೇನೆಯಲ್ಲಿದ್ದವನು. ನೇತಾಜಿ ಐಎನ್‌ಎ ಹೊಣೆ ಹೊತ್ತದ್ದು 1943ರಲ್ಲಿ. ಆಗ ಅವನಿಗೆ 20 ಎಂದಿಟ್ಟುಕೊಂಡರೂ 2024ಕ್ಕೆ 101. ಈ ಲೆಕ್ಕ ಮಾಡಿ ನಕ್ಕವರು ಬಹಳ. ಆದರೆ 1996ರ ಸಿನಿಮಾದಲ್ಲೂ ಎಪ್ಪತ್ತು ದಾಟಿದ ಮುದುಕ ಎರಡು ಬೆರಳಿನಲ್ಲಿ ಗಟ್ಟಿಮುಟ್ಟಾದವರನ್ನು ಮಲಗಿಸುತ್ತಿದ್ದ. ಅದನ್ನು ನಂಬಿದವರಿಗೆ ಇನ್ನು 28 ವರ್ಷ ಹೆಚ್ಚು ನಂಬುವುದು ಕಷ್ಟವಲ್ಲ. ಯಕ್ಷಗಾನ ನೋಡಿ ಬೆಳೆದ ಜನಕ್ಕಂತೂ ಭೀಷ್ಮನ ವಯಸ್ಸು ಕೇಳುವ ಅಭ್ಯಾಸವೇ ಇಲ್ಲ.

ಮೂರನೆಯದು ಸಂಗೀತ. ರೆಹಮಾನ್ ಜಾಗದಲ್ಲಿ ಅನಿರುದ್ಧ್. 1996ರಲ್ಲಿ ಅನಿರುದ್ಧ್‌ಗೆ ಐದು ವರ್ಷ. ಆ ಹಾಡುಗಳ ನೆರಳಿನಿಂದ ಹೊರಗೆ ನಿಂತು ಕೆಲಸ ಮಾಡಲು ಯಾರಿಗೂ ಕಷ್ಟವೇ. ಕೊರತೆ ನಿಜ. ಆದರೆ ಹಾಡು ಸಪ್ಪೆ ಎಂಬ ಕಾರಣಕ್ಕೆ ಹಳೆಯ ಸಿನಿಮಾದ ಚಾನೆಲ್ ಬದಲಿಸುವುದಿಲ್ಲ, ಇನ್ನಷ್ಟು ಹೆಚ್ಚು ನೋಡುತ್ತಾರೆ. ಲಕ್ಷಣಕ್ಕೂ ಈ ಕಾರಣಕ್ಕೂ ತಾಳೆಯಾಗುವುದಿಲ್ಲ.

ನಾಲ್ಕನೆಯದು ಉದ್ದ. ಟೀಕೆ ಕೇಳಿ ನಿರ್ಮಾಪಕರು ಕೆಲವೇ ದಿನಗಳಲ್ಲಿ ಸುಮಾರು 12 ನಿಮಿಷ ಕತ್ತರಿಸಿದರು. ಆಗಸ್ಟ್ 9ರಂದು ಚಿತ್ರ ನೆಟ್‌ಫ್ಲಿಕ್ಸ್‌ಗೆ ಬಂದಾಗ ಇವರು ಮನೆಯಲ್ಲಿ, ಬೇಕಾದಲ್ಲಿ ಓಡಿಸಿಕೊಂಡು ಮತ್ತೆ ನೋಡಿದರು. ಬೇಸರ ಕಡಿಮೆಯಾಯಿತು, ನಿರಾಸೆ ಅಲುಗಲಿಲ್ಲ. ಬೇಸರ ಮತ್ತು ನಿರಾಸೆ ಬೇರೆ ಬೇರೆ ಎನ್ನುವುದಕ್ಕೆ ಇದಕ್ಕಿಂತ ನೇರವಾದ ಪರೀಕ್ಷೆ ಸಿಗದು. ಅಳಿಯನಿಗೆ ಇದ್ದದ್ದು ಬೇಸರ ಮಾತ್ರ. ಅವನು ಮರುದಿನಕ್ಕೆ ಮರೆತಿದ್ದ.

ಪೆಟ್ಟು ಬಿದ್ದ ಜಾಗ

ಎರಡನೆಯ ನೋಟದಲ್ಲಿ ಹೊರಬಿದ್ದದ್ದು ಅಚ್ಚರಿಯ ಸಂಗತಿ. ಮೊದಲ ಚಿತ್ರದ ಬೀಜ ಎರಡನೆಯದರಲ್ಲಿ ಇಲ್ಲವೆಂದಲ್ಲ, ಇದೆ. ಆದರೆ ಬೇರೆಯವರ ತಲೆಯ ಮೇಲಿದೆ.

ಸೇನಾಪತಿಯ ಕರೆಗೆ ಓಗೊಟ್ಟ ಹುಡುಗರು ತಂತಮ್ಮ ಮನೆಯವರ ಹುಳುಕು ಹುಡುಕುತ್ತಾರೆ. ಅರವಿಂದನ್‌ನ ತಂದೆ (ಸಮುದ್ರಕನಿ) ಭ್ರಷ್ಟಾಚಾರ ತಡೆಯುವ ಇಲಾಖೆಯಲ್ಲೇ ಇರುವವನು, ಅವನೇ ಲಂಚ ತಿನ್ನುವವನು. ಮಗ ತಂದೆಯನ್ನು ಹಿಡಿದುಕೊಡುತ್ತಾನೆ. ಅವಮಾನ ತಾಳದೆ ತಾಯಿ ಪ್ರಾಣ ಕಳೆದುಕೊಳ್ಳುತ್ತಾಳೆ. ಊರಿನ ಸಿಟ್ಟು ಸೇನಾಪತಿಯ ಮೇಲೆ ತಿರುಗುತ್ತದೆ, ಬಾ ಎಂದ ಬಾಯಿಗಳೇ ಹೋಗು ಎನ್ನುತ್ತವೆ.

ಇದು ಒಳ್ಳೆಯ ವಸ್ತು. ಹಾಗೆ ನೋಡಿದರೆ ಮೊದಲ ಚಿತ್ರಕ್ಕಿಂತ ಕಠಿಣ: ತಂದೆ ಮಗನಿಗೆ ಮಾಡಿದ್ದನ್ನು ಇಲ್ಲಿ ಮಗ ತಂದೆಗೆ ಮಾಡುತ್ತಾನೆ, ಅದೂ ಇನ್ನೊಬ್ಬನ ಮಾತು ಕೇಳಿ. ‘ನಿನ್ನ ಮಾತು ನಂಬಿ ನನ್ನ ಮನೆ ಹಾಳಾಯಿತು, ನಿನಗೇನಾಯಿತು?’ ಎಂದು ಆ ಹುಡುಗ ಕೇಳಬಹುದಾದ ಪ್ರಶ್ನೆಗೆ ಉತ್ತರ ಇರುವುದು ಜಗತ್ತಿನಲ್ಲಿ ಒಬ್ಬನ ಬಳಿ ಮಾತ್ರ. ಮಗಳನ್ನು ಬಿಟ್ಟುಕೊಟ್ಟು ಮಗನನ್ನು ಕೊಂದವನು ಅವನು. ಆ ಇಬ್ಬರು ಎದುರುಬದುರು ಕೂತು ಹತ್ತು ನಿಮಿಷ ಮಾತಾಡಿದ್ದರೆ 28 ವರ್ಷದ ಅಂತರಕ್ಕೆ ಅರ್ಥ ಬರುತ್ತಿತ್ತು. ಚಿತ್ರ ಆ ಜಾಗಕ್ಕೆ ಬರುವುದೇ ತಡವಾಗಿ, ಬಂದ ಕೂಡಲೇ ಬೆನ್ನಟ್ಟುವಿಕೆಗೆ ಹೊರಡುತ್ತದೆ, ಅಲ್ಲಿಂದ ಮುಂದಿನ ಭಾಗದ ಜಾಹೀರಾತಿಗೆ.

ಇಲ್ಲಿ ತಾಳಮದ್ದಳೆ (ವೇಷ, ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಗೊತ್ತಿರುವವರಿಗೆ ಒಂದು ಮಾತು ಬೇಗ ಹೊಳೆಯುತ್ತದೆ. ಕರಾವಳಿಯ ಪ್ರೇಕ್ಷಕರು ಉದ್ದದ ಮಾತಿಗೆ ಹೆದರುವವರಲ್ಲ, ರಾತ್ರಿಯಿಡೀ ಕೂತು ಅರ್ಥ ಕೇಳಿದವರು. ಕೃಷ್ಣನ ಅರ್ಥಧಾರಿ ಗಂಟೆಗಟ್ಟಲೆ ಮಾತಾಡಿದರೂ ಸಭೆ ಕದಲದೆ ಇರುವುದು ಎದುರಿಗೆ ಕೌರವನ ಅರ್ಥಧಾರಿ ಇರುವುದರಿಂದ, ಪ್ರತಿ ಮಾತಿಗೂ ಅಷ್ಟೇ ತೂಕದ ಎದುರು ಮಾತು ಬರುವುದರಿಂದ. ಮೊದಲ ಚಿತ್ರದ ಸೇನಾಪತಿಗೆ ಎದುರಾಳಿಗಳಿದ್ದರು: ‘ನಿನ್ನ ಹಟಕ್ಕೆ ತಂಗಿ ಸತ್ತಳು’ ಎನ್ನುವ ಮಗ, ಮಗನನ್ನು ಬಿಟ್ಟುಬಿಡು ಎನ್ನುವ ಹೆಂಡತಿ, ಕಾನೂನಿನ ಪರ ನಿಂತ ಕೃಷ್ಣಸ್ವಾಮಿ. ಎರಡನೆಯದರಲ್ಲಿ ಅವನು ಕ್ಯಾಮೆರಾದ ಎದುರು ಒಬ್ಬನೇ ಮಾತಾಡುತ್ತಾನೆ. ಕೇಳುವವರು ಮೊಬೈಲ್ ಹಿಡಿದು ತಲೆದೂಗುತ್ತಾರೆ. ಕೃಷ್ಣಸ್ವಾಮಿಯೂ ಇದ್ದಾನೆ, ಆದರೆ ನಟ ತೀರಿಕೊಂಡ ಮೇಲೆ ಬದಲಿ ದೇಹ ಮತ್ತು ಗ್ರಾಫಿಕ್ಸ್ ಹಿಡಿದು ಪಾತ್ರವನ್ನು ಪೂರೈಸಬೇಕಾಯಿತು. ಅಂಥ ಪಾತ್ರದ ಕೈಯಲ್ಲಿ ದೊಡ್ಡ ವಾದ ಮಾಡಿಸುವುದು ಆಗದ ಕೆಲಸ. ಸಂಭಾಷಣೆಯ ಕೈಯೂ ಬೇರೆ. ಮೊದಲ ಚಿತ್ರಕ್ಕೆ ಮಾತು ಬರೆದ ಸುಜಾತ 2008ರಲ್ಲೇ ತೀರಿಕೊಂಡಿದ್ದರು.

ಎರಡು ಕೊಲೆಗಳನ್ನು ಪಕ್ಕಪಕ್ಕ ಇಟ್ಟರೂ ಇದೇ ಕಾಣುತ್ತದೆ. 1996ರಲ್ಲಿ ಮಗಳ ಸಾವಿಗೆ ಕಾರಣನಾದ ವೈದ್ಯನನ್ನು ಸೇನಾಪತಿ ಟಿವಿ ನೇರಪ್ರಸಾರದಲ್ಲಿ ಕೊಲ್ಲುತ್ತಾನೆ. ಆ ವೈದ್ಯ ಮಾಡಿದ್ದೇನು, ಎಷ್ಟು ಹೊತ್ತು ಕಾಯಿಸಿದ, ಹುಡುಗಿ ಹೇಗೆ ನರಳಿದಳು, ಎಲ್ಲವನ್ನೂ ನೋಡಿಯಾದ ಮೇಲೆ ಕತ್ತಿ ಹೊರಬರುತ್ತದೆ. 2024ರಲ್ಲಿ ಸಾಯುವವರು ಕೋಟಿಗಳ ಲೆಕ್ಕದವರು, ಚಿನ್ನದ ಮನೆಯವರು. ಅವರಿಂದ ಕೆಟ್ಟ ಒಬ್ಬ ಮನುಷ್ಯನ ಮುಖ ನೆನಪಿನಲ್ಲಿ ಉಳಿಯುವುದಿಲ್ಲ. ಹಗರಣದ ಮೊತ್ತ ಏರಿದಷ್ಟೂ ನೋವು ಏರುತ್ತದೆ ಎಂಬ ಲೆಕ್ಕ ಸಿನಿಮಾದಲ್ಲಿ ನಡೆಯುವುದಿಲ್ಲ; ಒಂದು ಬಸ್ಸು, ಒಂದು ಸಹಿ ಸಾಕು.

ಹಳೆಯ ಚಿತ್ರದ ಚಾನೆಲ್ ಯಾಕೆ ಬದಲಾಗುತ್ತಿತ್ತು ಎಂಬುದೂ ಈಗ ತಿಳಿಯುತ್ತದೆ. ಎರಡನೆಯ ಭಾಗದ ಸೇನಾಪತಿ ದೂರದಲ್ಲಿ ಕೂತು ಬೇರೆಯವರ ಮನೆ ಒಡೆಯಲು ಹೇಳುವ ಮುದುಕನಂತೆ ಕಂಡಾಗ, ಮೊದಲನೆಯ ಭಾಗದ ತ್ಯಾಗವೂ ಹಟಮಾರಿತನದಂತೆ ತೋರತೊಡಗಿತ್ತು. ‘ಆಗಲೂ ಹೀಗೇ ಇದ್ದನಾ?’ ಎಂಬ ಸಂಶಯ. ಹೊಸ ಚಿತ್ರ ಹಳೆಯದನ್ನು ಕೆಡಿಸಲಿಲ್ಲ, ಅದರ ಬಗ್ಗೆ ಒಂದು ಪ್ರಶ್ನೆ ಎತ್ತಿ ಉತ್ತರಿಸದೆ ಹೋಯಿತು. ಉತ್ತರ ಬಹುಶಃ ಮೂರನೆಯದಕ್ಕೆಂದು ಎತ್ತಿಟ್ಟದ್ದು. ಒಂದೇ ಕತೆಯನ್ನು ನಡುವೆ ಒಡೆದರೆ ಆಗುವ ನಷ್ಟ ಇಂಥದ್ದು: ಪ್ರಶ್ನೆ ಒಂದು ಟಿಕೆಟ್ಟಿಗೆ, ಉತ್ತರ ಇನ್ನೊಂದು ಟಿಕೆಟ್ಟಿಗೆ. ಎರಡು ಭಾಗಗಳ ಚಿತ್ರವೇ ತಪ್ಪೆಂದಲ್ಲ. ಮೊದಲೇ ಎರಡೆಂದು ಬರೆದದ್ದಕ್ಕೆ ನಡುವಿನಲ್ಲೊಂದು ಗಟ್ಟಿ ನಿಲುಗಡೆ ಇರುತ್ತದೆ. ಎಡಿಟಿಂಗ್ ಮೇಜಿನ ಮೇಲೆ ಎರಡಾದದ್ದಕ್ಕೆ ಅದು ಇರುವುದಿಲ್ಲ, ಕತ್ತರಿ ಬಿದ್ದ ಕಡೆ ನಿಲ್ಲುತ್ತದೆ.

ಮಾಡಿದ್ದು ಏನು

ಮೊದಲ ಮೂರು ವಾರ ಏನೂ ಮಾಡಲಿಲ್ಲ; ವಿಮರ್ಶೆಗಳ ವಿಡಿಯೊ ನೋಡುತ್ತಾ ಕಳೆದರು. ಇದು ಎಲ್ಲ ಅಭಿಮಾನಿಗಳೂ ಮಾಡುವ ಕೆಲಸ, ಮತ್ತು ಕೆಡುಕು ಮಾಡುವ ಕೆಲಸ. ಬೇರೆಯವರ ದೂರುಗಳು ಬಂದು ನಮ್ಮ ದೂರಿನ ಮೇಲೆ ಕೂರುತ್ತವೆ. ವಯಸ್ಸಿನ ಲೆಕ್ಕ ಇವರ ತಲೆಗೆ ಬಂದದ್ದೇ ಹಾಗೆ. ಚಿತ್ರಮಂದಿರದಲ್ಲಿ ಅದು ಹೊಳೆದೇ ಇರಲಿಲ್ಲ.

ಕೆಲಸಕ್ಕೆ ಬಂದದ್ದು ಒಂದು ಹಾಳೆ. ಗ್ಯಾರೇಜಿನ ಜಾಬ್ ಕಾರ್ಡಿನ ಹಿಂಬದಿಯಲ್ಲಿ ಮೂರು ಗೆರೆ ಎಳೆದು, ದೂರುಗಳನ್ನು ಮೂರು ಕಡೆ ಹಂಚಿದರು. ಒಂದು: ಮೊದಲನೆಯದನ್ನು ನೋಡದವನಿಗೂ ಇದು ಕೆಟ್ಟದ್ದಾಗಿ ಕಾಣುತ್ತದೆಯೇ? ಎರಡು: ಮೊದಲನೆಯದರ ಪಕ್ಕ ಇಟ್ಟಾಗ ಮಾತ್ರವೇ? ಮೂರು: ಇದು ಮುಂದಿನ ಭಾಗದಲ್ಲಿ ಬರಬೇಕಾದ್ದೇ? ಮೊದಲ ಸಾಲನ್ನು ತುಂಬಲು ಅಳಿಯನೇ ಬೇಕಾಯಿತು, ಅಭಿಮಾನಿಗೆ ಅದು ಸಾಧ್ಯವಿಲ್ಲ. ಬೆನ್ನಟ್ಟುವಿಕೆ, ಒಂದೇ ಅಚ್ಚಿನ ಕೊಲೆಗಳು ಅಲ್ಲಿ ಕೂತವು. ಸಂಗೀತ, ಮೇಕಪ್, ಮಾತಿನ ಹರಿತ ಎರಡನೆಯದಕ್ಕೆ. ಇವರನ್ನು ನಿಜವಾಗಿ ಕಾಡಿದ್ದು, ತಾತ ಏನೂ ಕೊಡಲಿಲ್ಲ ಎಂಬುದು, ಎರಡನೆಯದರಲ್ಲಿ ಬರೆದು ಹೊಡೆದುಹಾಕಿ ಮೂರನೆಯದಕ್ಕೆ ಹೋಯಿತು. ಅಲ್ಲಿಗೆ ಅರ್ಧ ಭಾರ ಇಳಿಯಿತು. ಆಗಿರುವ ತಪ್ಪಿಗೂ ಇನ್ನೂ ಬಾರದ ಉತ್ತರಕ್ಕೂ ಒಂದೇ ಬಗೆಯ ಸಿಟ್ಟು ಬೇಕಿಲ್ಲ.

ಈ ಹಂಚಿಕೆ ಮಾಡುವವರಿಗೆ ಎರಡು ಸೂಚನೆ. ಬರೆಯುವುದು ವಿಮರ್ಶೆ ಓದುವ ಮೊದಲು ಆಗಬೇಕು, ಸಾಧ್ಯವಾದರೆ ನೋಡಿದ ಮರುದಿನವೇ. ಮತ್ತು ‘ಚೆನ್ನಾಗಿಲ್ಲ’ ಎಂದು ಬರೆದದ್ದು ಲೆಕ್ಕಕ್ಕಿಲ್ಲ. ಯಾವ ದೃಶ್ಯ, ಅದಕ್ಕೆ ಮುಂಚೆ ಏನಿತ್ತು, ಅಲ್ಲಿ ಏನು ಬರಬೇಕಿತ್ತು ಎಂದು ಬರೆಯಬೇಕು.

ಬಿಡುಗಡೆಯ ಹಿಂದಿನ ವಾರ ಮೊದಲ ಭಾಗವನ್ನು ಪೂರ್ತಿ ನೋಡಿದ್ದು ಸರಿಯೇ ಎಂಬ ಚರ್ಚೆಯೂ ಮನೆಯಲ್ಲಾಯಿತು. ನಮ್ಮ ಅಭಿಪ್ರಾಯ: ಬೇಡವಾಗಿತ್ತು. 28 ವರ್ಷದ ನೆನಪು ದುರ್ಬಲ ಸ್ಥಳಗಳನ್ನು ತಾನೇ ಉದುರಿಸಿಕೊಂಡಿರುತ್ತದೆ. ‘ಇಂಡಿಯನ್’ನಲ್ಲೂ ಎಳೆದ ಹಾಸ್ಯ, ಕತೆಗೆ ಬೇಕಿಲ್ಲದ ಹಾಡು ಸಾಕಷ್ಟಿವೆ. ವಾರದ ಹಿಂದಷ್ಟೇ ನೋಡಿದರೆ ಹೊಸದು ಪೈಪೋಟಿಗೆ ಇಳಿಯಬೇಕಾದ್ದು ತಾಜಾ ಮಾಡಿಕೊಂಡ ಅತ್ಯುತ್ತಮ ದೃಶ್ಯಗಳೊಂದಿಗೆ. ಬೇಕಿದ್ದರೆ ಕೊನೆಯ ಅರ್ಧ ಗಂಟೆ ಮಾತ್ರ ನೋಡಿ ಹೋಗಬಹುದು, ಕತೆ ಎಲ್ಲಿ ನಿಂತಿತ್ತು ಎಂದು ತಿಳಿಯಲು ಅಷ್ಟು ಸಾಕು. ಅಳಿಯನ ವಾದ ಬೇರೆ: ಮೊದಲಿನದನ್ನು ನೋಡದೆ ಹೋದದ್ದಕ್ಕೇ ತನಗೆ ತಾಯಿಯ ಸಾವಿನ ದೃಶ್ಯದಲ್ಲಿ ಏನು ತಪ್ಪಿಹೋಯಿತೆಂದು ಗೊತ್ತಾಗಲಿಲ್ಲ ಎಂದು. ಅದರಲ್ಲೂ ಸತ್ಯವಿದೆ.

ಹಳೆಯ ಚಿತ್ರಕ್ಕೆ ಮರಳಿದ್ದು ಅವನ ದೆಸೆಯಿಂದಲೇ. ನವರಾತ್ರಿಯ ರಜೆಯಲ್ಲಿ ಹುಡುಗ ಮೊದಲ ಬಾರಿಗೆ ‘ಇಂಡಿಯನ್’ ಹಾಕಿಕೊಂಡು ಕೂತ. ಬಸ್ಸಿಗೆ ಸರ್ಟಿಫಿಕೇಟ್ ಕೊಡುವ ಜಾಗದಲ್ಲಿ ನಿಲ್ಲಿಸಿ, “ಮಾವ, ಅಷ್ಟು ಕೆಟ್ಟ ಬ್ರೇಕ್ ಆದ್ರೆ ಓಡಿಸುವಾಗಲೇ ಡ್ರೈವರಿಗೆ ಗೊತ್ತಾಗ್ಲಿಕ್ಕಿಲ್ವಾ?” ಎಂದು ಕೇಳಿದ. ಅದಕ್ಕೆ ಇವರು ಅಡ್ಜಸ್ಟರ್, ಕ್ಯಾಮ್, ಕಾದ ಡ್ರಮ್ ಎಲ್ಲವನ್ನೂ ವಿವರಿಸಬೇಕಾಯಿತು. ವಿವರಿಸಿ ಮುಗಿಯುವಷ್ಟರಲ್ಲಿ ಪಕ್ಕದಲ್ಲಿ ಕೂತಾಗಿತ್ತು. ಕೊನೆಯವರೆಗೂ ಎದ್ದು ಹೋಗಲಿಲ್ಲ. ಚಂದ್ರುವಿನ ಸಾವಿನ ಹೊತ್ತಿಗೆ ‘ಆಗಲೂ ಹೀಗೇ ಇದ್ದನಾ’ ಎಂಬ ಪ್ರಶ್ನೆಗೆ ಅವರು ಕಂಡುಕೊಂಡ ಉತ್ತರ: ಹಟಮಾರಿಯೇ, ಆದರೆ ಹಟದ ಖರ್ಚಿನ ಬಿಲ್ಲನ್ನು ಬೇರೆಯವರ ಕೈಗೆ ಕೊಟ್ಟವನಲ್ಲ.

ಮೂರನೆಯ ಭಾಗಕ್ಕೆ ಮಾವ ಅಳಿಯ ಮಾಡಿಕೊಂಡಿರುವ ಒಪ್ಪಂದ ಸರಳ. ಮೊದಲ ದಿನದ ಟಿಕೆಟ್ ಅಳಿಯನಿಗೆ ಮಾತ್ರ. ಟ್ರೈಲರ್ ಇವರು ನೋಡುವುದಿಲ್ಲ. ಹುಡುಗ ಬಂದು ಒಂದೇ ವಿಷಯ ಹೇಳಬೇಕು: ಅರವಿಂದನ್ ಮತ್ತು ತಾತ ಎದುರುಬದುರು ಕೂತರೋ ಇಲ್ಲವೋ. ಕೂತಿದ್ದರೆ ಇವರು ಹೋಗುತ್ತಾರೆ. ಹೋಗುವ ಹಿಂದಿನ ರಾತ್ರಿ ಎರಡನೆಯ ಭಾಗದಲ್ಲಿ ತಂದೆಯ ಗುಟ್ಟು ಬಯಲಾಗುವಲ್ಲಿಂದ ಊರು ಸೇನಾಪತಿಯ ಮೇಲೆ ತಿರುಗುವವರೆಗಿನದನ್ನು ನೋಡಿಕೊಳ್ಳುತ್ತಾರೆ. ಒಂದು ಚಕ್ರದ ಬೈಕು ಶುರುವಾಗುವ ಮೊದಲೇ ಟಿವಿ ಆಫ್.